ಕೆಲಸ ಕೊಟ್ಟರೆ ಓಡುತ್ತದೆ, ಬಿಡುವು ಕೊಟ್ಟರೆ ಹ್ಯಾಂಗ್: ಜೆ1900 ಪೆಟ್ಟಿಗೆಯ ಆರನೇ ವಾರ

ಸಿಕ್ಕಿತು! ಆರು ವಾರ ಕಾಡಿದ ಹ್ಯಾಂಗ್‌ನ ಮೂಲ ಕೊನೆಗೂ ಸಿಕ್ಕಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಯಂತ್ರದ ಪ್ರೊಸೆಸರ್ ಇಂಟೆಲ್‌ನ ಸೆಲೆರಾನ್ ಜೆ1900. ನಾಲ್ಕು ಕೋರ್, 10 ವ್ಯಾಟ್, ಫ್ಯಾನ್ ಇಲ್ಲದ ಚಿಕ್ಕ ಪೆಟ್ಟಿಗೆ. 2013ರ ಬೇ ಟ್ರೈಲ್ ಪೀಳಿಗೆ. ಲಿನಕ್ಸ್ ಹಾಕಿದ್ದು, ಎಸ್‌ಎಸ್‌ಡಿ ಕೂರಿಸಿದ್ದು, ಸಿಪಿಯು ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿದ್ದು ಎಲ್ಲ ಬಿಡಿ, ಅದು ಎಲ್ಲರೂ ಮಾಡುವುದೇ. ತೊಂದರೆ ಇಷ್ಟೇ: ಯೂಟ್ಯೂಬ್ ವಿಡಿಯೊ ಓಡುವಾಗ ಏನೂ ಆಗುವುದಿಲ್ಲ. ಮುಗಿದು ಐದೋ ಹತ್ತೋ ನಿಮಿಷಕ್ಕೆ ಪರದೆ ಕಲ್ಲಾಗುತ್ತದೆ. ಮೌಸ್ ಅಲುಗುವುದಿಲ್ಲ, ಕ್ಯಾಪ್ಸ್ ಲಾಕ್ ದೀಪ ಹೊತ್ತುವುದಿಲ್ಲ. ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ನೋಡಿದರೂ ಉತ್ತರವಿಲ್ಲ, ಲಿನಕ್ಸ್‌ಗೆ ನೇರ ಆದೇಶ ಕೊಡುವ ಸಿಸ್‌ರಿಕ್ಯೂ ಕೀಗೂ ಜಗ್ಗುವುದಿಲ್ಲ. ಪವರ್ ಗುಂಡಿ ಒತ್ತಿ ಹಿಡಿಯುವುದೊಂದೇ ದಾರಿ. ಎದ್ದ ಮೇಲೆ ಹಿಂದಿನ ಬೂಟ್‌ನ ಜರ್ನಲ್, ಅಂದರೆ ಸಿಸ್ಟಂ ಲಾಗ್ ತೆಗೆದರೆ ಎರರ್ ಅಂತ ಒಂದು ಸಾಲೂ ಇಲ್ಲ. ಮಾತಾಡುತ್ತಿದ್ದವರು ನಡುವೆಯೇ ಸುಮ್ಮನಾದ ಹಾಗೆ ಲಾಗ್ ನಿಂತಿರುತ್ತದೆ.

ಮೊದಲ ಅನುಮಾನ ಬಿಸಿಯ ಮೇಲೆ, ಅಲ್ವಾ? ಆದರೆ ವಿಡಿಯೊ ಓಡುವಾಗ 68 ಡಿಗ್ರಿ ಇದ್ದದ್ದು, ಹ್ಯಾಂಗ್ ಆಗುವ ಹೊತ್ತಿಗೆ 45ಕ್ಕೆ ಇಳಿದಿರುತ್ತಿತ್ತು. ಬಿಸಿಯೇ ಕಾರಣವಾಗಿದ್ದರೆ ಬಿಸಿ ಏರಿದಾಗ ನಿಲ್ಲಬೇಕಿತ್ತು.

ಆಮೇಲೆ ರ್‍ಯಾಮ್. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಇಡೀ ರಾತ್ರಿ ಓಡಿತು, ಒಂದು ತಪ್ಪೂ ಬರಲಿಲ್ಲ. ಆದರೂ ಸಮಾಧಾನವಾಗದೆ ಹೊಸದೊಂದು ಆರ್ಡರ್ ಮಾಡಿದೆ. ಈ ಚಿಪ್‌ಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಬಂದದ್ದು 1.5 ವೋಲ್ಟಿನ ಸಾದಾ ಡಿಡಿಆರ್3. ವಾಪಸ್ ಕಳಿಸಿದರೆ ಮತ್ತೆ ಅದೇ ಬಂತು, ಜೊತೆಗೆ ಎರಡೂ ಒಂದೇ ಎಂಬ ವಾದ ಬೇರೆ. ಒಂದಲ್ಲ! ಆ ಒಂದು ‘ಎಲ್’ ಅಕ್ಷರಕ್ಕೆ ಎರಡು ವಾರ ಹೋಯಿತು. ಮಾರುವವರು ತಾವು ಮಾರುವ ಮಾಲಿನ ಮೇಲೆ ಬರೆದಿರುವುದನ್ನು ಒಮ್ಮೆ ಓದಬಾರದೇ?

ಆ ಎರಡು ವಾರದಲ್ಲಿ ಮುಂದಿನ ಕೆಲಸವನ್ನು ಮೇಜಿನ ಮೇಲೆ ಎಳೆದುಕೊಂಡೆ. ಹಳೆಯ ಕೋರ್ 2 ಡ್ಯುಯೊ ಬೋರ್ಡ್, ಸಿಪಿಯು ಸುತ್ತ ಒಂಬತ್ತು ಕೆಪಾಸಿಟರ್‌ಗಳ ತಲೆ ಉಬ್ಬಿದೆ. ಎಲ್ಲ ಕಿತ್ತು ಹೊಸದು ಬೆಸುಗೆ ಹಾಕಬೇಕು. ಅದಕ್ಕೆ 105 ಡಿಗ್ರಿ ತಡೆಯುವ, ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಮಾಲೇ ಆಗಬೇಕು. 85 ಡಿಗ್ರಿಯ ಸಾದಾ ಕೆಪಾಸಿಟರ್ ಹಾಕಿದರೆ ಆ ಜಾಗದ ಬಿಸಿಗೆ ಜಾಸ್ತಿ ದಿನ ಬಾಳುವುದಿಲ್ಲ. ಅದರ ಲಾಗ್ ಬೇರೆಯೇ ಬರೆಯುತ್ತೇನೆ.

ಮತ್ತೆ ಪೆಟ್ಟಿಗೆಗೆ. ವಿಪಿ9, ಎಚ್.264 ಅಂದರೆ ವಿಡಿಯೊ ಕುಗ್ಗಿಸಿ ಕಳಿಸುವ ಎರಡು ವಿಧಾನ. ಈ ಚಿಪ್‌ನ ಗ್ರಾಫಿಕ್ಸ್‌ಗೆ ವಿಪಿ9 ಬಿಡಿಸಲು ಬರುವುದಿಲ್ಲ, ಎಚ್.264 ಬರುತ್ತದೆ. ಯೂಟ್ಯೂಬ್ ವಿಪಿ9 ಕಳಿಸಿದಾಗಲೆಲ್ಲ ಇಡೀ ಹೊರೆ ಸಿಪಿಯು ಮೇಲೆ. ಎಚ್.264ನ್ನೇ ಕೇಳುವ ಎಕ್ಸ್‌ಟೆನ್ಶನ್ ಬ್ರೌಸರ್‌ಗೆ ಹಾಕಿದೆ. ಸಿಪಿಯು ಬಳಕೆ 85 ಶೇಕಡಾದಿಂದ 25ಕ್ಕೆ ಇಳಿಯಿತು. ಎಷ್ಟು ಖುಷಿಯಾಯಿತೆಂದರೆ, ಆವತ್ತೇ ಮುಗಿಯಿತು ಅಂದುಕೊಂಡೆ. ಅದೇ ರಾತ್ರಿ ಮೂರು ಸಲ ಹ್ಯಾಂಗ್! ಅದೂ ಈ ಬಾರಿ ವಿಡಿಯೊ ಓಡುತ್ತಿರುವಾಗಲೇ, ಸ್ಪೀಕರ್‌ನಲ್ಲಿ ಕೊನೆಯ ತುಣುಕು ಸದ್ದು ಗರ್ರ್ ಅಂತ ಸುತ್ತುತ್ತಾ.

ಆಗ ಹೊಳೆಯಿತು. ಹೊರೆ ಕಡಿಮೆಯಾದಷ್ಟೂ ಹ್ಯಾಂಗ್ ಜಾಸ್ತಿ. ಮೆಮ್‌ಟೆಸ್ಟ್ ಪಾಸಾದದ್ದೂ ಅದಕ್ಕೇ, ಅದು ಸಿಪಿಯುಗೆ ಉಸಿರಾಡಲೂ ಬಿಡುವುದಿಲ್ಲ. ಅಂದರೆ ತಪ್ಪು ಇರುವುದು ದುಡಿಮೆಯಲ್ಲಿ ಅಲ್ಲ, ನಿದ್ದೆಯಲ್ಲಿ!

ಕೆಲಸ ಇಲ್ಲದಾಗ ಕೋರ್‌ಗಳು ಸಿ-ಸ್ಟೇಟ್ ಎಂಬ ನಿದ್ದೆಯ ಹಂತಗಳಿಗೆ ಇಳಿಯುತ್ತವೆ. ಸಿ1 ಅಂದರೆ ಕೋಳಿನಿದ್ದೆ, ಕರೆದ ತಕ್ಷಣ ಎಚ್ಚರ. ಸಿ6 ಕುಂಭಕರ್ಣನ ನಿದ್ದೆ, ಕೋರ್‌ನ ವಿದ್ಯುತ್ತೇ ಕಡಿತ. ಎಚ್.264 ಓಡುವಾಗ ಕೆಲಸವನ್ನು ಗ್ರಾಫಿಕ್ಸ್ ನೋಡಿಕೊಳ್ಳುತ್ತದೆ, ಸಿಪಿಯು ಫ್ರೇಮ್‌ಗಳ ನಡುವೆ ತೂಕಡಿಸುತ್ತಾ ಏಳುತ್ತಾ ಇರುತ್ತದೆ. ಸೆಕೆಂಡಿಗೆ ಅದೆಷ್ಟೋ ಸಲ ಏಳುವ ಆಟದಲ್ಲಿ ಒಮ್ಮೆ ಏಳಲಿಲ್ಲವೋ, ಮುಗಿಯಿತು. ಹುಡುಕಿದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಬಗ್ ಪಟ್ಟಿಯಲ್ಲಿ ಬೇ ಟ್ರೈಲ್‌ನ ಇದೇ ಕಾಯಿಲೆ, ನಂಬರ್ 109051.

ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿನ ಕೊನೆಗೆ ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1 (intel_idle.max_cstate=1) ಸೇರಿಸಿದೆ. ಅಂದರೆ ಸಿ1ಗಿಂತ ಆಳದ ನಿದ್ದೆಗೆ ಇಳಿಯಬೇಡ ಅಂತ. ಮೊದಲು ಒಂದೇ ಬೂಟ್‌ಗೆ. ಇಡೀ ದಿನ ಹಾಕಿ, ನಿಲ್ಲಿಸಿ, ಬಿಟ್ಟು, ಮತ್ತೆ ಹಾಕಿ ನೋಡಿದೆ. ಹ್ಯಾಂಗ್ ಇಲ್ಲ. ಮತ್ತೆ ಅದನ್ನು ತೆಗೆದು ಬೂಟ್ ಮಾಡಿದರೆ ನಲವತ್ತೇ ನಿಮಿಷಕ್ಕೆ ಹ್ಯಾಂಗ್. ಆ ಒಂದು ಹ್ಯಾಂಗ್ ನೋಡಿ ಕುಣಿದಾಡುವಷ್ಟು ಖುಷಿಯಾಯಿತು! ಈಗ ಗ್ರಬ್ ಫೈಲಿನಲ್ಲೇ ಖಾಯಂ. ಸುಮ್ನೆ ಕೂತಾಗ ಐದು ಡಿಗ್ರಿ ಬಿಸಿ ಜಾಸ್ತಿ, ಅಷ್ಟು ಕೊಡಲು ನಾನು ತಯಾರು.

ಇದನ್ನು ಬರೆಯುವಾಗ ಅಪ್‌ಟೈಮ್, ಅಂದರೆ ಬೂಟ್ ಆದಾಗಿನಿಂದ ಓಡಿದ ಹೊತ್ತು, 3 ದಿನ 7 ಗಂಟೆ. ವಿಡಿಯೊ ಮುಗಿದು ಅರ್ಧ ಗಂಟೆಯಾಯಿತು. ಈಗಷ್ಟೇ ಕ್ಯಾಪ್ಸ್ ಲಾಕ್ ಒತ್ತಿದೆ. ದೀಪ ಹೊತ್ತಿತು.