ಎಲುಬು ಕೂಡೈತೇನ್ರಿ?

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಎಕ್ಸ್‌ರೇ ರೂಮಿಗೂ ಹಂಗಾಮು. ಹಿಂದೆ ದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್, ಕತ್ತಲಲ್ಲಿ ಅದಕ್ಕೆ ಹೋಗಿ ಬಡಿಯುವ ಬೈಕು. ಅದು ಮುಗಿಯುವಷ್ಟರಲ್ಲಿ ಹುಣಸೆಹಣ್ಣು ಬಡಿಯುವ ಕಾಲ. ಗಿಡದಿಂದ ಬಿದ್ದವರು ಬರುತ್ತಾರೆ. ಬಾಗಲಕೋಟೆಯ ಹೋಳಿ ನಿಮಗೆ ಗೊತ್ತಲ್ಲ, ಬಣ್ಣದ ಬ್ಯಾರೆಲ್ ಹೇರಿದ ಗಾಡಿಗಳ ಮೇಲೆ ನಿಂತು ಆಡುತ್ತಾರೆ. ಅಲ್ಲಿಂದ ಜಾರಿದವರು ಮೈತುಂಬ ಬಣ್ಣದ ಸಮೇತ ನಮ್ಮ ಟೇಬಲ್ ಮೇಲೆ ಮಲಗುತ್ತಾರೆ. ಕಾರಹುಣ್ಣಿಮೆಗೆ ಎತ್ತು ಓಡಿಸಲು ಹೋಗಿ ತುಳಿಸಿಕೊಂಡವರು ಬೇರೆ. ಬಚ್ಚಲಲ್ಲಿ ಜಾರಿದ ಅಜ್ಜಿಯರಿಗೆ ಮಾತ್ರ ಹಂಗಾಮಿಲ್ಲ, ವರ್ಷವಿಡೀ ಬರುತ್ತಾರೆ.

ನವನಗರದ ಒಂದು ಸಣ್ಣ ಎಲುಬಿನ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವವನು. ಫಿಲ್ಮ್ ಓದಿ ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಡಾಕ್ಟರ ಹತ್ತಿರ ಹೋಗುವ ಮೊದಲೇ ಎಲ್ಲರೂ ನನ್ನನ್ನು ಒಂದು ಮಾತು ಕೇಳುತ್ತಾರೆ. "ಎಲುಬು ಕೂಡೈತೇನ್ರಿ?" ನಾನು ಒಳಗೆ ಕೈ ತೋರಿಸಿ ಸುಮ್ಮನಾಗುತ್ತೇನೆ. ಹಾಗಂತ ಹೇಳಲು ಏನೂ ಇಲ್ಲ ಅಂತಲ್ಲ. ಫಿಲ್ಮ್ ಏನು ತೋರಿಸುತ್ತದೆ, ಏನು ತೋರಿಸುವುದಿಲ್ಲ ಅನ್ನುವುದು ಗೊತ್ತಿದ್ದರೆ ಅರ್ಧ ಗಾಬರಿ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವುದು ಎಲುಬಿನ ಸುಣ್ಣದ ನೆರಳು, ಅಷ್ಟೇ. ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಲವಣ. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ನಾರು, ಜೊತೆಗೆ ನೀರು. ಸುಣ್ಣ ಎಲುಬಿಗೆ ಗಟ್ಟಿತನ ಕೊಡುತ್ತದೆ. ನಾರು ಅದು ಪಟ್ಟನೆ ಒಡೆಯದ ಹಾಗೆ ನೋಡಿಕೊಳ್ಳುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕೋಳಿ ಕಾಲಿನ ಎಲುಬನ್ನು ತೊಳೆದು ಕೆಲವು ದಿನ ವಿನೆಗರ್‌ನಲ್ಲಿ ಮುಳುಗಿಸಿಡಿ. ಸುಣ್ಣ ಕರಗಿಹೋಗಿ ಬರೀ ನಾರು ಉಳಿಯುತ್ತದೆ, ಎಲುಬು ಬಾಗುತ್ತದೆ. ಇನ್ನೊಂದನ್ನು ಒಲೆಯಲ್ಲಿ ಚೆನ್ನಾಗಿ ಸುಟ್ಟು ನೋಡಿ. ನಾರು ಹೋಗಿ ಸುಣ್ಣ ಉಳಿಯುತ್ತದೆ, ಹಿಚುಕಿದರೆ ಪುಡಿ. ನಮ್ಮ ಮಷಿನ್‌ಗೆ ಕಾಣುವುದು ಈ ಎರಡರಲ್ಲಿ ಒಂದೇ.

ಅದೂ ಪೂರ್ತಿ ಕಾಣುವುದಿಲ್ಲ. ಎಲುಬಿನ ಸುಣ್ಣದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಗುವವರೆಗೂ ಸಾದಾ ಎಕ್ಸ್‌ರೇಯಲ್ಲಿ ಗೊತ್ತಾಗುವುದು ಕಷ್ಟ. ಚಿಕ್ಕ ಮಕ್ಕಳದ್ದು ಇನ್ನೂ ಮಜಾ. ಹಸುಗೂಸಿನ ಮಣಿಕಟ್ಟಿನ ಫಿಲ್ಮ್ ತೆಗೆದರೆ ಅಲ್ಲಿರಬೇಕಾದ ಎಂಟು ಸಣ್ಣ ಎಲುಬುಗಳ ಜಾಗ ಖಾಲಿ! ಅವಿನ್ನೂ ಕಾರ್ಟಿಲೇಜ್, ಅಂದರೆ ಸುಣ್ಣ ತುಂಬದ ಮೆದು ಎಲುಬು, ಆಗಿರುತ್ತವೆ. ನಿಮ್ಮ ಕಿವಿಯ ಮೇಲಿನ ಅಂಚು ಮುಟ್ಟಿ ನೋಡಿ, ಅಲ್ಲಿ ಬಾಗುವುದೂ ಒಂದು ಬಗೆಯ ಕಾರ್ಟಿಲೇಜೇ. ಶಾಲೆಗೆ ಹೋಗುವ ಮಕ್ಕಳ ಫಿಲ್ಮಿನಲ್ಲಿ ಎಲುಬಿನ ತುದಿಗೆ ಒಂದು ಕಪ್ಪು ಗೆರೆ ಇರುತ್ತದೆ. ಅದು ಬೆಳೆಯುವ ಜಾಗ. "ಇಲ್ಲೂ ಮುರದೈತಲ್ರಿ" ಅಂತ ತಂದೆ ತಾಯಿ ಹೌಹಾರುತ್ತಾರೆ. ಉದ್ದ ಬೆಳೆಯುವುದು ನಿಂತಾಗ ಆ ಗೆರೆ ಮುಚ್ಚಿಕೊಳ್ಳುತ್ತದೆ.

ಬಳೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಣಿಕಟ್ಟು ಮುರಿದುಕೊಂಡು ಬರುವ ಅಜ್ಜಿಯರು ಹಸಿರು ಬಳೆ ತೆಗೆಯಲು ಒಪ್ಪುವುದಿಲ್ಲ. "ಯಜಮಾನ್ರು ಅದಾರೋ ತಮ್ಮಾ" ಅನ್ನುತ್ತಾರೆ. ಗಾಜಿನ ಬಳೆಯೂ ಫಿಲ್ಮಿನಲ್ಲಿ ಬೆಳ್ಳಗೆ ಬೀಳುತ್ತದೆ, ಸರಿಯಾಗಿ ಮುರಿದ ಜಾಗದ ಮೇಲೆ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜೆನ್ ತಮ್ಮ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದಾಗಲೂ ಬೆರಳಲ್ಲಿ ಉಂಗುರ ಹಾಗೇ ಇತ್ತು. ಅಂದರೆ ಈ ಜಗಳ ನಮ್ಮ ಊರಿನದ್ದಷ್ಟೇ ಅಲ್ಲ.

ಹೊರಗಿನಿಂದ ಕಲ್ಲಿನ ಹಾಗಿದ್ದರೂ ಎಲುಬಿನೊಳಗೆ ರಕ್ತ ಓಡಾಡುತ್ತಿರುತ್ತದೆ. ಹೊರಗಿನ ಗಟ್ಟಿ ಭಾಗದಲ್ಲಿ ಕೂದಲಿಗಿಂತ ಸಣ್ಣ ಕೊಳವೆಗಳಿವೆ. ಕ್ಲಾಪ್ಟನ್ ಹೇವರ್ಸ್ ಎಂಬ ಇಂಗ್ಲಿಷ್ ವೈದ್ಯ 1691ರಲ್ಲೇ ಇವುಗಳ ಬಗ್ಗೆ ಬರೆದಿದ್ದ, ಅವನ ಹೆಸರೇ ಅವುಗಳಿಗೆ ನಿಂತಿತು. ಆ ಕೊಳವೆಗಳ ಸುತ್ತ ಪದರ ಪದರವಾಗಿ ಎಲುಬು, ಪದರಗಳ ನಡುವೆ ಜೀವಕೋಶಗಳು. ಹಳೆಯ ಎಲುಬನ್ನು ಕರಗಿಸುವ ಕೋಶಗಳು ಒಂದು ಕಡೆ, ಹೊಸದು ಹಾಕುವ ಕೋಶಗಳು ಅವುಗಳ ಹಿಂದೆಯೇ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಎಲುಬು ಹೀಗೆ ಹೊಸದಾಗುತ್ತಿರುತ್ತದೆ. ನೀವು ಏನೂ ಮುರಿದುಕೊಳ್ಳದಿದ್ದರೂ.

ಸೊಂಟದ ಫಿಲ್ಮ್ ನೋಡುವುದು ನನಗೆ ಇಷ್ಟ. ತೊಡೆಯ ಎಲುಬಿನ ಮೇಲ್ತುದಿಯಲ್ಲಿ ಒಳಗಡೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಮೈ ಭಾರ ಯಾವ ದಾರಿಯಲ್ಲಿ ಇಳಿಯುತ್ತದೋ ಆ ದಾರಿಯಲ್ಲೇ ಅವು ಸಾಲುಗಟ್ಟಿರುತ್ತವೆ. ಭಾರ ಬಿದ್ದಲ್ಲಿ ಎಲುಬು ಬಲಿಯುತ್ತದೆ, ಬೀಳದಿದ್ದರೆ ಸವೆಯುತ್ತದೆ ಎಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲಿ ಬರೆದರು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಫಿಲ್ಮಿನಲ್ಲಿ ಈ ಗೆರೆಗಳು ಮಾಸಿರುತ್ತವೆ. "ಪೂರಾ ಕೂಡೂತನಾ ಏಳಬಾರದು" ಅಂತ ಮನೆಯವರು ಮಂಚಕ್ಕೆ ಕಟ್ಟಿ ಹಾಕುವುದು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಡಾಕ್ಟರ್ ನಡೆ ಅಂದರೆ ನಡೆಯಬೇಕು.

ಇನ್ನು ಕೂಡುವ ವಿಚಾರ.

ಎಲುಬು ಮುರಿದಾಗ ಅದರೊಳಗಿನ ಮತ್ತು ಹೊದಿಕೆಯ ರಕ್ತನಾಳಗಳೂ ಹರಿಯುತ್ತವೆ. ರಕ್ತ ಆ ಜಾಗದಲ್ಲಿ ಹೆಪ್ಪುಗಟ್ಟುತ್ತದೆ. ಬಾವು, ಬಿಸಿ, ನೋವು. ಕೂಡುವ ಕೆಲಸ ಅಲ್ಲಿಂದಲೇ ಶುರು. ಹೊಸ ಕೋಶಗಳು ಬರುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ. ಎರಡು ಮೂರು ವಾರದ ಹೊತ್ತಿಗೆ ಎರಡೂ ತುದಿಗಳ ನಡುವೆ ನಾರು ಮತ್ತು ಕಾರ್ಟಿಲೇಜಿನ ಮೆತ್ತನೆಯ ಗಂಟು ಕಟ್ಟಿಕೊಂಡಿರುತ್ತದೆ. ಅದರಲ್ಲಿ ಸುಣ್ಣ ಇನ್ನೂ ಸರಿಯಾಗಿ ತುಂಬಿರುವುದಿಲ್ಲ. ಹಾಗಾಗಿ ಫಿಲ್ಮಿನಲ್ಲಿ ಬಹಳ ಸಲ ಏನೂ ಕಾಣುವುದಿಲ್ಲ.

ಇನ್ನೊಂದು ಇದೆ. ಮುರಿದ ತುದಿಗಳಿಗೆ ರಕ್ತ ತಪ್ಪಿ ಅಲ್ಲಿ ಒಂದಿಷ್ಟು ಎಲುಬು ಸತ್ತಿರುತ್ತದೆ. ಅದನ್ನು ಮೊದಲು ಕರಗಿಸಿ ತೆಗೆಯಬೇಕು. ಆ ಕೆಲಸ ನಡೆದಿರುವಾಗ ಎಕ್ಸ್‌ರೇ ತೆಗೆದರೆ ಸೀಳು ಮೊದಲಿಗಿಂತ ಅಗಲವಾಗಿ ಕಾಣಬಹುದು! ಮುಧೋಳ ಕಡೆಯ ಒಬ್ಬ ತಾಯಿ ಗಂಡನ ಎರಡೂ ಫಿಲ್ಮ್‌ಗಳನ್ನು ಕಿಟಕಿಗೆ ಹಿಡಿದು ನನಗೆ ದಬಾಯಿಸಿದ್ದರು. "ಯಣ್ಣಾ, ಮೊದಲ ಎಳಿಯಷ್ಟ ಇತ್ತು. ಈಗ ನೋಡ್ರಿ, ಹೆಂಗ ಬಾಯಿ ಬಿಟ್ಟೈತಿ. ಪ್ಲಾಸ್ಟರ್ ಹಾಕಿದ್ದು ಸುಳ್ಳ ಆತಲ್ರಿ?" ಡಾಕ್ಟರ್ ನಕ್ಕು, ಆ ಪ್ಲಾಸ್ಟರ್ ಅನ್ನೇ ಮುಂದುವರಿಸಿದರು. ನಂತರದ ಫಿಲ್ಮಿನಲ್ಲಿ ಸೀಳಿನ ಸುತ್ತ ಮಬ್ಬಾದ ಬಿಳುಪು ಕಂಡಿತು. ಸುಣ್ಣ ತುಂಬತೊಡಗಿತ್ತು.

ಹೀಗೆ ಮೊದಲು ಬರುವ ಎಲುಬು ಅವಸರದ್ದು. ಅದರ ನಾರುಗಳಿಗೆ ದಿಕ್ಕಿಲ್ಲ, ಗಾತ್ರ ಬೇಕಾದ್ದಕ್ಕಿಂತ ಜಾಸ್ತಿ. ಮದುವೆಗೆ ಹಾಕಿದ ಹಂದರದ ಹಾಗೆ, ಕೆಲಸ ನಡೆಯುತ್ತದೆ, ಆದರೆ ಅದೇ ಮನೆಯಲ್ಲ. ಆಮೇಲೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿದು ಅದನ್ನು ಕರಗಿಸಿ, ಪದರಗಳಿರುವ ಗಟ್ಟಿ ಎಲುಬನ್ನು ಮೈ ಹಾಕುತ್ತದೆ. ಮಕ್ಕಳ ಕೊರಳೆಲುಬು ಮುರಿದು ಕೂಡಿದ ಮೇಲೆ ಚರ್ಮದ ಕೆಳಗೆ ಗಂಟು ಕೈಗೆ ಸಿಗುತ್ತದೆ. ತಾಯಂದಿರು ಅದನ್ನು ತಿಕ್ಕಿ ಕರಗಿಸಲು ಹೋಗುತ್ತಾರೆ. ಬೇಡ್ರಿ. ಮಗು ಬೆಳೆದ ಹಾಗೆ ಅದು ತಾನೇ ಇಳಿಯುತ್ತದೆ.

ಎಷ್ಟು ದಿನ ಬೇಕು? ದೊಡ್ಡವರ ಮಣಿಕಟ್ಟಿಗೆ ಸಾಮಾನ್ಯವಾಗಿ ಆರು ವಾರ. ಮೊಣಕಾಲ ಕೆಳಗಿನ ಎಲುಬಿಗೆ ಮೂರು ನಾಲ್ಕು ತಿಂಗಳು, ಒಮ್ಮೊಮ್ಮೆ ಇನ್ನೂ ಜಾಸ್ತಿ. ಮಕ್ಕಳಿಗೆ ಬಹಳ ಬೇಗ. ತಡವಾಗುವುದಕ್ಕೆ ಕಾರಣ ಹುಡುಕಿದರೆ ಬಹಳ ಸಲ ಅದು ಜೇಬಿನಲ್ಲೇ ಇರುತ್ತದೆ. ಬೀಡಿ, ಸಿಗರೇಟು, ತಂಬಾಕು. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಎಲುಬು ಕೂಡಬೇಕೆಂದರೆ ರಕ್ತವೇ ಬೇಕು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ತಂಬಾಕು ತಿಕ್ಕುವವರನ್ನು ದಿನಾ ನೋಡುತ್ತೇನೆ. ಅವರೇ ಕ್ಯಾಲ್ಸಿಯಂ ಮಾತ್ರೆಯ ಬ್ರ್ಯಾಂಡ್ ಬಗ್ಗೆ ಚೌಕಾಸಿ ಮಾಡುತ್ತಾರೆ! ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೂ ತಡ. ಹೆಬ್ಬೆರಳ ಬುಡದ ಸ್ಕೇಫಾಯ್ಡ್ ಎಂಬ ಪುಟ್ಟ ಎಲುಬಿಗೆ ರಕ್ತ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತವೇ ತಲುಪದೆ ಹೋಗಬಹುದು. ಮೇಲಾಗಿ ಮೊದಲ ದಿನದ ಫಿಲ್ಮಿನಲ್ಲಿ ಅದು ಕಾಣದೇ ಇರುವುದೂ ಉಂಟು. ಅದಕ್ಕೇ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಬರ ಹೇಳುತ್ತಾರೆ. ದುಡ್ಡು ಮಾಡಲು ಅಲ್ಲ.

ನಾಟಿ ವೈದ್ಯರ ಬಗ್ಗೆ ಜಗಳಕ್ಕೆ ನಿಲ್ಲುವುದಿಲ್ಲ. ಒಂದೇ ಮಾತು. ಬಿದಿರಿನ ದಬ್ಬೆ ಬಿಗಿದು ಕಟ್ಟಿದ ಮೇಲೆ ಬೆರಳು ಜುಮುಗುಟ್ಟಿದರೆ, ತಣ್ಣಗಾದರೆ, ನೋವು ತಡೆಯಲಾರದಷ್ಟು ಏರಿದರೆ ಬೆಳಗಾಗುವವರೆಗೆ ಕಾಯಬೇಡಿ. ಕೈಯೇ ಹೋಗಬಹುದು. ಆಸ್ಪತ್ರೆಯ ಪ್ಲಾಸ್ಟರಿಗೂ ಇದೇ ಮಾತು.

ನಮ್ಮ ಭಾಗದ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ವರ್ಷಗಟ್ಟಲೆ ಅಂಥ ನೀರು ಕುಡಿದು ಫ್ಲೋರೋಸಿಸ್ ಆದವರ ಮುಂಗೈ ಫಿಲ್ಮ್ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಎಲುಬು ಅತಿಯಾಗಿ ಬೆಳ್ಳಗೆ, ಎರಡು ಎಲುಬುಗಳ ನಡುವಿನ ಪೊರೆಯಲ್ಲೂ ಸುಣ್ಣ ಗಟ್ಟಿಯಾಗಿರುತ್ತದೆ. ನೋಡಿದರೆ ಉಕ್ಕಿನ ಎಲುಬು ಅನ್ನಬೇಕು, ಆದರೆ ಬೇಗ ಮುರಿಯುತ್ತದೆ. ಸುಣ್ಣ ಜಾಸ್ತಿ ಇದ್ದರೆ ಸಾಕು ಅನ್ನುವವರು ಈ ಫಿಲ್ಮ್ ನೋಡಬೇಕು.

ಪ್ಲೇಟ್ ಹಾಕಿಸಿಕೊಂಡವರಿಗೂ ಒಂದು ಗಾಬರಿ. ಎರಡೂ ತುದಿಗಳನ್ನು ಒತ್ತಿ ಕೂಡಿಸಿ, ಅಲುಗದ ಹಾಗೆ ಸ್ಕ್ರೂ ಬಿಗಿದರೆ ಗಂಟು ಬರುವುದೇ ಇಲ್ಲ. ಕರಗಿಸುವ, ಕಟ್ಟುವ ಕೋಶಗಳು ಸೀಳನ್ನು ನೇರವಾಗಿ ದಾಟಿ ಹೋಗುತ್ತವೆ. "ನಮ್ಮ ತಮ್ಮಗ ಗಂಟು ಬಂದಿತ್ತು, ನನಗ ಯಾಕ ಇಲ್ಲ?" ತಮ್ಮನದ್ದು ಪ್ಲಾಸ್ಟರ್, ನಿಮ್ಮದು ಪ್ಲೇಟ್, ಅದಕ್ಕೆ.

ಹಾಗಾದರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಫಿಲ್ಮ್ ನೋಡುತ್ತಾರೆ, ಆಮೇಲೆ ಮುರಿದ ಜಾಗವನ್ನು ಬೆರಳಿನಿಂದ ಒತ್ತುತ್ತಾರೆ. ನೋವಿದೆಯಾ, ಅಲುಗುತ್ತದೆಯಾ, ಭಾರ ಹಾಕಿದರೆ ಹೇಗೆ. ಅಜ್ಜಿಯರ ಮಣಿಕಟ್ಟಿನ ಆ ಮುರಿತಕ್ಕೆ ಕಾಲೀಸ್ ಅನ್ನುತ್ತಾರೆ. ಡಬ್ಲಿನ್‌ನ ಅಬ್ರಹಾಂ ಕಾಲೀಸ್ 1814ರಲ್ಲಿ ಅದನ್ನು ವಿವರಿಸಿದಾಗ ಎಕ್ಸ್‌ರೇಯೇ ಹುಟ್ಟಿರಲಿಲ್ಲ. ಬರೀ ಕಣ್ಣು, ಕೈ. ಈಗ ಫಿಲ್ಮಿನ ಫೋಟೋ ಹೊಡೆದು ಪುಣೆಯಲ್ಲಿರುವ ಅಳಿಯನಿಗೆ ವಾಟ್ಸಾಪ್ ಮಾಡುತ್ತಾರೆ, ಅಳಿಯ ಅಲ್ಲಿಂದ ತೀರ್ಪು ಕೊಡುತ್ತಾನೆ. ಫೋಟೋ ಒತ್ತಿ ನೋಡಲು ಆಗುತ್ತದಾ?

ನನ್ನದೊಂದು ಕೋರಿಕೆ. ಮತ್ತೆ ತೋರಿಸಲು ಬರುವಾಗ ಹಳೆಯ ಫಿಲ್ಮ್‌ಗಳನ್ನೂ ತನ್ನಿ. ಒಂದೇ ಫಿಲ್ಮಿನಲ್ಲಿ ಗೊತ್ತಾಗದ್ದು ಎರಡನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಮಡಚಿ ಕಿಸೆಯಲ್ಲಿ ತುರುಕಬೇಡಿ, ಬಿಸಿಲು ಬೀಳುವ ಕಡೆ ಇಡಬೇಡಿ. ಮತ್ತೆ, ಬಳೆ ಮನೆಯಲ್ಲೇ ತೆಗೆದಿಟ್ಟು ಬಂದರೆ ನನಗೂ ಅಜ್ಜಿಗೂ ಒಂದು ಜಗಳ ತಪ್ಪುತ್ತದೆ.