ಈಸ್ಟರ್ ಊಟಕ್ಕೆ ಐರಿಷ್ ಚೀಸ್, ಜೊತೆಗೊಂದು ಸೋಡಾ ಬ್ರೆಡ್

ಐರ್ಲೆಂಡಿನಲ್ಲಿ ಹಿಂದೆ ಈಸ್ಟರಿಗೆ ಮುಂಚಿನ ವಾರಗಳ ಲೆಂಟ್ ಉಪವಾಸದಲ್ಲಿ ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಮೊಟ್ಟೆಯನ್ನೂ ಬಿಡುತ್ತಿದ್ದ ಕಾಲವಿತ್ತು. ಈಸ್ಟರ್ ಭಾನುವಾರ ಅಷ್ಟೂ ಒಟ್ಟಿಗೇ ತಟ್ಟೆಗೆ ಮರಳುತ್ತಿತ್ತು. ಈಗ ಉಪವಾಸ ಸಡಿಲವಾಗಿದೆ, ಊಟ ಮಾತ್ರ ಹಾಗೇ ಉಳಿದಿದೆ: ಕುರಿಮರಿಯ ತೊಡೆ, ಸೋಡಾ ಬ್ರೆಡ್, ಕೊನೆಗೆ ಚೀಸ್.

ಚೀಸ್ ಕೊಳ್ಳುವಾಗ ಹೆಸರಿಗಿಂತ ಮೊದಲು ತಿಂಗಳ ಲೆಕ್ಕ ಹಾಕಿ. ಅಲ್ಲಿನ ಬಹುಪಾಲು ಹಸುಗಳು ಫೆಬ್ರವರಿ-ಮಾರ್ಚಿನ ಸುಮಾರಿಗೆ ಕರು ಹಾಕಿ, ಹುಲ್ಲು ಚಿಗುರಿದ ಮೇಲೆ ಮೇಯಲು ಹೊರಡುತ್ತವೆ. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಸೈಲೇಜ್, ಅಂದರೆ ಹುದುಗಿಸಿಟ್ಟ ಹಸಿ ಮೇವು. ಹಾಗಾಗಿ ಈಸ್ಟರ್ ಹೊತ್ತಿಗೆ ಸಿಗುವ ಒಂದೊಂದು ಚೀಸೂ ಒಂದೊಂದು ಕಾಲದ ಹಾಲು. ಕ್ಲೇರ್ ಕೌಂಟಿಯ ಸೇಂಟ್ ಟೋಲಾ ಮೇಕೆ ಚೀಸ್ ಹೊಸದಾಗಿ ಮರಿ ಹಾಕಿದ ಮೇಕೆಗಳದು, ವಸಂತಕ್ಕೆ ಅದೇ ಮೊದಲ ಆಯ್ಕೆ. ಕಾರ್ಕ್ ಕೌಂಟಿಯ ಕೂಲೇ, 1979ರಲ್ಲಿ ಡಚ್ ಕುಟುಂಬವೊಂದು ತಮ್ಮ ನಾಡಿನ ಗೌಡಾ ಚೀಸಿನ ಮಾದರಿಯಲ್ಲಿ ಶುರುಮಾಡಿದ್ದು. ಒಂಬತ್ತು-ಹತ್ತು ತಿಂಗಳು ಹಣ್ಣಾದದ್ದನ್ನು ಕೇಳಿದರೆ ಹಿಂದಿನ ಬೇಸಿಗೆಯ ಹುಲ್ಲು ಸಿಕ್ಕಂತೆ. ಟಿಪ್ಪೆರರಿ ಕೌಂಟಿಯ ಕ್ಯಾಶೆಲ್ ಬ್ಲೂ, ಒಳಗೆ ನೀಲಿ ಬೂಷ್ಟಿನ ಚೀಸ್, 1984ರಿಂದ ಇದೆ. ಆರು ವಾರಕ್ಕೆ ಪುಡಿಪುಡಿಯಾಗಿ ಉಪ್ಪುಪ್ಪಾಗಿರುತ್ತದೆ, ಮೂರು ತಿಂಗಳು ದಾಟಿದ ಮೇಲೆ ಬೆಣ್ಣೆಯಂತಾಗುತ್ತದೆ. ಎರಡನೆಯದನ್ನೇ ಕೇಳಿ ಪಡೆಯಿರಿ.

ನಾಲ್ಕನೆಯದು ಉಪ್ಪುನೀರಿನಲ್ಲಿ ತೊಳೆದು ಹಣ್ಣು ಮಾಡಿದ ಚೀಸ್. ಐರಿಷ್ ಚೀಸ್ ಹಲಗೆಯ ಜೀವ ಇದೇ. 1970ರ ದಶಕದ ಕೊನೆಯಲ್ಲಿ ವೆರೋನಿಕಾ ಸ್ಟೀಲ್ ಎಂಬವರು ಕಾರ್ಕಿನ ಬೇರಾ ಪರ್ಯಾಯದ್ವೀಪದ ತಮ್ಮ ಹೊಲದಲ್ಲಿ ಮಿಲೀನ್ಸ್ ಎಂಬ ಇಂಥ ಚೀಸ್ ಮಾಡತೊಡಗಿದರು. ಹಿಂದೆಯೇ ಪಕ್ಕದ ಪರ್ಯಾಯದ್ವೀಪಗಳಲ್ಲಿ ಡರ್ರಸ್, ಗಬೀನ್ ಬಂದವು. ಎಲ್ಲವೂ ಸಮುದ್ರದ ಬದಿಗೆ, ತೇವದ ಗಾಳಿಯಲ್ಲಿ. ಎಳೆಯ ಚೀಸಿನ ಮೈಯನ್ನು ಮತ್ತೆ ಮತ್ತೆ ಉಪ್ಪುನೀರಿನಿಂದ ಒರೆಸಿದರೆ ಬೂಷ್ಟು ಹಿಂದೆ ಸರಿದು, ಉಪ್ಪು-ತೇವ ಒಗ್ಗುವ ಬ್ಯಾಕ್ಟೀರಿಯಾ ಬೆಳೆದು ಸಿಪ್ಪೆ ಕಿತ್ತಳೆ-ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಬೀನಿನ ಸಿಪ್ಪೆಯಲ್ಲಿ ಸಿಕ್ಕ ಹೊಸ ಬ್ಯಾಕ್ಟೀರಿಯಾ ಜಾತಿಯೊಂದಕ್ಕೆ 2001ರಲ್ಲಿ ಮೈಕ್ರೋಬ್ಯಾಕ್ಟೀರಿಯಂ ಗಬೀನೆನ್ಸ್ ಎಂದೇ ಹೆಸರಿಟ್ಟರು. ವಾಸನೆ ಜೋರು, ಒಳಗಿನ ರುಚಿ ಮೆದು. ಮೂಗು ಹೇಳಿದ್ದನ್ನು ನಾಲಿಗೆ ಒಪ್ಪುವುದಿಲ್ಲ.

ಎಂಟು ಜನಕ್ಕೆ, ಮಾಂಸದೂಟದ ನಂತರ, ಒಟ್ಟು 600 ಗ್ರಾಂ ಸಾಕು: ನಾಲ್ಕು ಬಗೆ, ತಲಾ 150. ಏಳೆಂಟು ಬಗೆಯನ್ನು ಚೂರು ಚೂರು ತಂದರೆ ಎಲ್ಲವೂ ಒಣಗುತ್ತವೆ, ಯಾವುದರ ರುಚಿಯೂ ನೆನಪುಳಿಯುವುದಿಲ್ಲ. ತಿನ್ನುವ ಕ್ರಮ: ಮೇಕೆ, ಕೂಲೇ, ತೊಳೆದ ಸಿಪ್ಪೆಯದು, ಕೊನೆಗೆ ನೀಲಿ. ಗಬೀನ್, ಡರ್ರಸ್ ಸಿಪ್ಪೆ ತಿನ್ನಬಹುದು. ಕೂಲೇ ಮೇಲಿನ ಹಳದಿ ಲೇಪ ತಿನ್ನುವಂಥದ್ದಲ್ಲ, ಕತ್ತರಿಸಿ ತೆಗೆಯಿರಿ.

ಸಸ್ಯಾಹಾರಿಗಳು ಚೀಟಿಯಲ್ಲಿ ರೆನೆಟ್ (ಹಾಲನ್ನು ಗಟ್ಟಿಯಾಗಿಸುವ ಕಿಣ್ವ) ಯಾವುದೆಂದು ನೋಡಲೇಬೇಕು. ಕ್ಯಾಶೆಲ್ ಬ್ಲೂಗೆ ಬಳಸುವುದು ಸಸ್ಯಾಹಾರಿ ರೆನೆಟ್, ಆದರೆ ಎಲ್ಲರೂ ಹಾಗಲ್ಲ. ಕರುವಿನ ಹೊಟ್ಟೆಯಿಂದ ಬಂದದ್ದೂ ಇರುತ್ತದೆ. ಗರ್ಭಿಣಿಯರಿಗೆ ಮೆದು ತೊಳೆದ ಸಿಪ್ಪೆಯದು, ನೀಲಿಯದು ಬೇಡ. ಲಿಸ್ಟೀರಿಯಾ ಎಂಬ ರೋಗಾಣುವಿನ ಭಯವಿದೆ.

ಇನ್ನು ಬ್ರೆಡ್. ಮೈದಾ 450 ಗ್ರಾಂ, ಅಡುಗೆ ಸೋಡಾ ಒಂದು ಸಣ್ಣ ಚಮಚ (ತಲೆ ಸವರಿ ಸಮ ಮಾಡಿ), ಉಪ್ಪು ಅಷ್ಟೇ, ಬಟರ್‌ಮಿಲ್ಕ್ 350ರಿಂದ 400 ಮಿಲಿ. ಅಲ್ಲಿ ಅಂಗಡಿಯಲ್ಲಿ ಸಿಗುವ ಬಟರ್‌ಮಿಲ್ಕ್ ನಮ್ಮ ನೀರು ಮಜ್ಜಿಗೆಯಲ್ಲ, ಕಡೆದ ಮೊಸರಿನಷ್ಟು ದಪ್ಪ. ಸಿಗದಿದ್ದರೆ 280 ಮಿಲಿ ಹುಳಿ ಮೊಸರಿಗೆ 100 ಮಿಲಿ ನೀರು ಸೇರಿಸಿ ಕಡೆಯಿರಿ. ಹುಳಿಯಿಲ್ಲದ ಮೊಸರಾದರೆ ಸೋಡಾ ಕೆಲಸ ಮಾಡದೆ ಹಾಗೇ ಉಳಿದು, ಸಾಬೂನಿನ ರುಚಿ, ಒಳಗೆ ಹಳದಿ ಚುಕ್ಕಿ. ಸೋಡಾ ಗಂಟು ಒಡೆದು ಜರಡಿ ಹಿಡಿಯದಿದ್ದರೂ ಅದೇ ಗತಿ.

ಓವನ್ ಮೊದಲೇ 230 ಡಿಗ್ರಿಗೆ ಕಾದಿರಲಿ. ಹಿಟ್ಟಿನ ನಡುವೆ ಗುಳಿ ಮಾಡಿ ಬಟರ್‌ಮಿಲ್ಕ್ ಅಥವಾ ಕಡೆದ ಮೊಸರು ಸುರಿದು, ಬೆರಳು ಅಗಲಿಸಿ ಒಂದೇ ಕೈಯಲ್ಲಿ ಸುತ್ತು ಹಾಕಿ ಒಟ್ಟುಗೂಡಿಸಿ. ಚಪಾತಿ ಹಿಟ್ಟು ನಾದಿದ ಕೈಗೆ ಇಲ್ಲಿ ಕೆಲಸವಿಲ್ಲ. ನಾದಿದರೆ ಗ್ಲುಟನ್ ಬಿಗಿದು ಬ್ರೆಡ್ ಕಲ್ಲಾಗುತ್ತದೆ. ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ದುಂಡಗೆ ತಟ್ಟಿ, ಮೇಲೆ ಆಳವಾಗಿ ಶಿಲುಬೆಯ ಗೀರು. ದೆವ್ವಗಳನ್ನು ಹೊರಗೆ ಬಿಡಲೆಂದು ಹಳಬರು ಹೇಳುತ್ತಾರೆ, ದಪ್ಪ ನಡುಭಾಗಕ್ಕೆ ಬಿಸಿ ಇಳಿಯುವುದೂ ಅದರಿಂದಲೇ. ತಕ್ಷಣ ಓವನ್ನಿಗೆ, ತಡಮಾಡಿದರೆ ಗುಳ್ಳೆ ಹೋಗಿ ಅಡಕಲಾಗುತ್ತದೆ. 15 ನಿಮಿಷದ ಮೇಲೆ 200 ಡಿಗ್ರಿಗೆ ಇಳಿಸಿ ಇನ್ನು 25-30 ನಿಮಿಷ. ತಳ ಬಡಿದರೆ ಟೊಳ್ಳು ಸದ್ದು ಬರಬೇಕು. ಪೂರ್ತಿ ಆರದೆ ಕೊಯ್ದರೆ ಒಳಗೆ ಅಂಟು.

ಒಂದೂವರೆಗೆ ಊಟವಾದರೆ ಬ್ರೆಡ್ ಒಂಬತ್ತೂವರೆಗೆ ಒಳಗೆ. ಎರಡೂವರೆ ಕೆಜಿ ತೊಡೆ 180 ಡಿಗ್ರಿಯಲ್ಲಿ ಹನ್ನೊಂದಕ್ಕೆ ಒಳಗೆ, ಒಂದೂ ಹತ್ತಕ್ಕೆ ಹೊರಗೆ, ಇಪ್ಪತ್ತು ನಿಮಿಷ ವಿಶ್ರಾಂತಿ. ಮಾಂಸ ಓವನ್ನಿನಿಂದ ಹೊರಬಂದ ಗಳಿಗೆಯಲ್ಲೇ ಚೀಸನ್ನು ಫ್ರಿಜ್ಜಿನಿಂದ ತೆಗೆಯಿರಿ. ಊಟ ಮುಗಿಯುವ ಹೊತ್ತಿಗೆ ಗಂಟೆಯಾಗಿ ಹದಕ್ಕೆ ಬಂದಿರುತ್ತದೆ. ಒಲೆಯ ಪಕ್ಕ ಮಾತ್ರ ಇಡಬೇಡಿ, ಜಿಡ್ಡು ಬೆವರುತ್ತದೆ. ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆ.

ಪ್ಲಾಸ್ಟಿಕ್ ಸುತ್ತಿಟ್ಟ ಗಬೀನ್ ಬಿಚ್ಚಿದಾಗ ಅಮೋನಿಯಾ ಮೂಗಿಗೆ ಹೊಡೆದರೆ ಅರ್ಧ ಗಂಟೆ ಗಾಳಿಗೆ ಬಿಡಿ. ಕೊಯ್ದ ಒಳಭಾಗಕ್ಕೂ ಆ ಘಾಟು ಇಳಿದಿದ್ದರೆ ಎಸೆಯುವುದೇ ಸರಿ. ಉಳಿದದ್ದಕ್ಕೆ ಮೇಣದ ಕಾಗದ, ಪ್ಲಾಸ್ಟಿಕ್ ಬೇಡ. ಕ್ಯಾಶೆಲ್ ಬ್ಲೂ ತುಣುಕು ಉಳಿದರೆ ಅಷ್ಟೇ ತೂಕದ ಬೆಣ್ಣೆಯೊಂದಿಗೆ ಮಸೆದಿಡಿ. ಸೋಮವಾರ ಬಿಸಿ ಬೇಯಿಸಿದ ಆಲೂಗಡ್ಡೆಯ ಮೇಲೆ ಒಂದು ಚಮಚ.