ಗಿಫ್ಟ್ ವೋಚರ್ ಬೇಡ, ರಜೆ ಕೊಡಿ

ಹೋದ ವಾರ ಆಫೀಸಲ್ಲಿ ಒಂದು ಮೇಲ್ ಬಂತು. ಇನ್ಮೇಲೆ ವಾಲಂಟಿಯರಿಂಗ್ ಮಾಡಿದ್ರೆ ಗಂಟೆಗಿಷ್ಟು ಅಂತ ಪಾಯಿಂಟ್ಸ್, ಪಾಯಿಂಟ್ಸ್ ಸೇರಿದ್ರೆ ಗಿಫ್ಟ್ ವೋಚರ್, ಯಾವ ಟೀಮ್ ಮುಂದಿದೆ ಅಂತ ಲೀಡರ್‌ಬೋರ್ಡ್ ಬೇರೆ, ಆಮೇಲೆ ಪ್ರೂಫ್‌ಗೆ ಫೋಟೋ ಹಾಕ್ಬೇಕಂತೆ. ಒಳ್ಳೇ ಮನಸ್ಸಿಂದಾನೇ ಮಾಡಿದಾರೆ, ಆದ್ರೂ ಓದಿ ನಂಗೆ ಕಸಿವಿಸಿ ಆಯ್ತು.

ನಾನು ನಾಲ್ಕು ವರ್ಷದಿಂದ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಸ್ಕ್ರೈಬ್ ಆಗಿ ಹೋಗ್ತಿದ್ದೀನಿ, ಅಂದ್ರೆ ಅವ್ರು ಉತ್ತರ ಹೇಳ್ತಾರೆ, ನಾನು ಬರೀತೀನಿ. ಕಳೆದ ಸಲ ಇಕನಾಮಿಕ್ಸ್ ಪೇಪರ್. ಆ ಹುಡುಗಿ ಒಂದು ವಾಕ್ಯ ಹೇಳಿ ಸುಮ್ಮನಾಗ್ತಿದ್ಲು, ನನ್ನ ಪೆನ್ನಿನ ಸದ್ದು ನಿಲ್ಲೋವರೆಗೂ ಕಾಯ್ತಿದ್ಲು, ನಿಂತ ತಕ್ಷಣ ಮುಂದಿನ ವಾಕ್ಯ. ಮೂರು ಗಂಟೆ ಹೀಗೇ. ಮಧ್ಯೆ ಒಂದ್ಸಲ "ಅಕ್ಕಾ, ಹೆಡಿಂಗ್ ಕೆಳಗೆ ಗೆರೆ ಎಳೆದ್ರಾ?" ಅಂತ ಕೇಳಿದ್ಲು, ನಾನು ಮರೆತೇಬಿಟ್ಟಿದ್ದೆ, ವಾಪಸ್ ಹೋಗಿ ಎಳೆದೆ. ಪರೀಕ್ಷೆ ಮುಗಿಸಿ ಸುಸ್ತಾಗಿ ಕೂತಿರೋ ಆ ಹುಡುಗಿಗೆ, ಬಾಮ್ಮ ನನ್ನ ಪಾಯಿಂಟ್ಸ್‌ಗೆ ಒಂದು ಫೋಟೋ ಬೇಕು ಅಂತ ನಾನು ಹೇಗೆ ಹೇಳ್ಲಿ?

2000ದಲ್ಲಿ ಗ್ನೀಜಿ, ರುಸ್ತಿಚಿನಿ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು, ಸೇವೆಗೆ ಹೀಗೆ ಬಹುಮಾನ ಕೊಡೋದಕ್ಕೆ ಹತ್ತಿರದ ಒಂದು ಪ್ರಯೋಗ ಪ್ರಕಟ ಮಾಡಿದ್ರು. ಇಸ್ರೇಲಲ್ಲಿ ಮನೆಮನೆಗೆ ಹೋಗಿ ಚಂದಾ ಎತ್ತೋ ಹೈಸ್ಕೂಲ್ ಮಕ್ಕಳನ್ನ ಮೂರು ಗುಂಪು ಮಾಡಿ ಒಂದಕ್ಕೆ ಏನೂ ಕೊಡ್ಲಿಲ್ಲ, ಇನ್ನೊಂದಕ್ಕೆ ಎತ್ತಿದ ಹಣದ ಶೇ 1ರಷ್ಟು, ಮತ್ತೊಂದಕ್ಕೆ ಶೇ 10ರಷ್ಟು ಕಮಿಷನ್, ಅದೂ ಚಂದಾದಿಂದ ಅಲ್ಲ, ಬೇರೆ ದುಡ್ಡಿಂದ. ಎಲ್ಲರಿಗಿಂತ ಜಾಸ್ತಿ ಎತ್ತಿದ್ದು ಏನೂ ಸಿಗದ ಗುಂಪು! ಕಡಿಮೆ ಎತ್ತಿದ್ದು ಶೇ 1ರವರು. ಚಿಲ್ರೆ ಕಾಸು ಸಿಗುತ್ತೆ ಅಂದ ಕೂಡ್ಲೇ ಅದು ಕೂಲಿ ಕೆಲಸ ಆಗ್ಬಿಡುತ್ತೆ, ಆಮೇಲೆ ಈ ಕೂಲಿ ಸಾಲದು ಅನ್ಸುತ್ತೆ, ನಂಗೆ ಅರ್ಥ ಆಗಿದ್ದು ಇಷ್ಟು.

ದಾನಕ್ಕೆ ದುಡ್ಡು ಕೊಡೋ ವಿಷಯದಲ್ಲಿ ಮ್ಯಾಚಿಂಗ್ ನಂಗೆ ತುಂಬಾ ಇಷ್ಟ. ನಾವು ಕೊಟ್ಟಷ್ಟೇ ಕಂಪನೀನೂ ಸೇರಿಸಿ ಕೊಡೋದು, 1954ರಲ್ಲಿ ಜನರಲ್ ಎಲೆಕ್ಟ್ರಿಕ್ ತನ್ನ ನೌಕರರು ತಾವು ಓದಿದ ಕಾಲೇಜಿಗೆ ಕೊಡೋ ಹಣಕ್ಕೆ ಹೀಗೆ ಶುರು ಮಾಡಿತ್ತು. ಇಲ್ಲಿ ಹೆಚ್ಚುವರಿ ದುಡ್ಡು ನಮ್ಮ ಜೇಬಿಗೆ ಬರಲ್ಲ, ಯಾರಿಗೆ ಬೇಕೋ ಅವರಿಗೇ ಹೋಗುತ್ತೆ, ವೋಚರ್‌ಗೂ ಇದಕ್ಕೂ ಇರೋ ವ್ಯತ್ಯಾಸ ಅದೇ. 2007ರಲ್ಲಿ ಕಾರ್ಲನ್, ಲಿಸ್ಟ್ ಅನ್ನೋ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನದಲ್ಲಿ, ದೇಣಿಗೆ ಕೇಳೋ ಪತ್ರದಲ್ಲಿ ಮ್ಯಾಚಿಂಗ್ ಇದೆ ಅಂತ ಬರೆದಾಗ ಒಂದೊಂದು ಪತ್ರಕ್ಕೆ ಬರೋ ಹಣ ಶೇ 19ರಷ್ಟು ಏರ್ತು, ಒಂದಕ್ಕೆ ಮೂರು ಸೇರಿಸ್ತೀವಿ ಅಂದ್ರೂ, ಒಂದಕ್ಕೆ ಒಂದು ಸೇರಿಸ್ತೀವಿ ಅಂದಾಗ ಬಂದಿದ್ದಕ್ಕಿಂತ ಹೆಚ್ಚೇನೂ ಬರ್ಲಿಲ್ಲ.

ಆದ್ರೆ ನನ್ನಂಥವರಿಗೆ ಬೇಕಾಗಿರೋದು ಸಮಯ. ಪರೀಕ್ಷೆ ಇರೋದು ಕೆಲಸದ ದಿನ ಬೆಳಗ್ಗೆ, ಶನಿವಾರ ಭಾನುವಾರ ಅಲ್ಲ. ನನ್ನ ಹಿಂದಿನ ಕಂಪನಿ ಪಾಲಿಸೀಲಿ ವರ್ಷಕ್ಕೆ ಎರಡು ದಿನ ವಾಲಂಟಿಯರ್ ಲೀವ್ ಇತ್ತು, ಕೇಳಿದಾಗೆಲ್ಲ ಮ್ಯಾನೇಜರ್ "ಈ ರಿಲೀಸ್ ಮುಗೀಲಿ, ನೋಡೋಣ" ಅಂತಿದ್ರು, ರಿಲೀಸ್ ಮುಗೀತಿತ್ತು, ಪರೀಕ್ಷೇನೂ ಮುಗೀತಿತ್ತು. ಕೊನೆಗೆ ನನ್ನ ಸ್ವಂತ ರಜೆ ಹಾಕ್ಕೊಂಡು ಹೋದೆ.

ನಿನ್ನೆ ಎಚ್ಆರ್‌ಗೆ ಉತ್ತರ ಬರೆದೆ: ವೋಚರ್ ದುಡ್ಡನ್ನ ಮ್ಯಾಚಿಂಗ್‌ಗೆ ಹಾಕಿ, ಲೀಡರ್‌ಬೋರ್ಡ್ ತೆಗೀರಿ, ಅರ್ಧ ದಿನದ ಲೆಕ್ಕದಲ್ಲಿ ರಜೆ ಕೊಡಿ, ಆ ರಜೆ ತಗೊಂಡಿದ್ದಕ್ಕೆ ಅಪ್ರೈಸಲಲ್ಲಿ ಏಟು ಬೀಳಲ್ಲ ಅಂತ ಮ್ಯಾನೇಜರ್‌ಗಳ ಹತ್ರ ಬರೆಸಿ. ಅದೇ ಹುಡುಗಿಗೆ ಮುಂದಿನ ತಿಂಗಳು ಮೂರು ಪೇಪರ್ ಇದೆ, ಮೂರೂ ವಾರದ ಮಧ್ಯೆ. ಬರ್ತೀನಿ ಅಂತ ಹೇಳಿದೀನಿ.